ಹುಳುಮನೆಯ ನೀರು

ಪ್ರಭುಸ್ವಾಮಿಯ ರೇಷ್ಮೆ ಹುಳುಮನೆಯ ಸಾಮಾನು ತೊಳೆದ ನೀರನ್ನು ಮೀನುಮರಿಗಳಿದ್ದ ಹೊಂಡಕ್ಕೆ ಬಿಟ್ಟರು. ಮರಿಗಳು ಸತ್ತವು. ತೊಳೆದ ಹೆಂಗಸರೇ ಕೊಂದವರೆಂದು ಊರು ತೀರ್ಮಾನ ಮಾಡಿತು.

ಮರಿಗಳು ಸತ್ತ ಬೆಳಿಗ್ಗೆ ರಾಚಮ್ಮ ಎಂದಿನಂತೆ ತವುಡು, ಕಡಲೆಕಾಯಿ ಹಿಂಡಿ ಕಲಸಿದ ಬಟ್ಟಲು ಹಿಡಿದು ಹೊಂಡದ ಏರಿ ಹತ್ತಿದ್ದಳು. ಅವಳ ಕಾಲಸಪ್ಪಳ ಕೇಳಿದರೆ ಸಾಕು, ಒಂದು ಮೂಲೆಯ ನೀರು ತುಂತುರು ಬಿದ್ದಂತೆ ಅಲುಗುತ್ತಿತ್ತು. ಅವತ್ತು ಅಲುಗಲಿಲ್ಲ. ನೀರಿನ ಮೇಲೆ ಬೆಳ್ಳಗೆ ಏನೋ ಹರಡಿತ್ತು. ನಿನ್ನೆ ಸಂಜೆ ಎರಚಿದ ತವುಡು ಹಾಗೇ ಉಳಿದಿದೆ, ಮರಿಗಳಿಗೆ ಹೊಟ್ಟೆ ತುಂಬಿರಬೇಕು ಎಂದುಕೊಂಡೇ ಅವಳು ಕೆಳಗಿಳಿದಳು. ಅದು ತವುಡಲ್ಲ. ನುಗ್ಗೆ ಎಲೆಯಷ್ಟು ಸಣ್ಣ ಹೊಟ್ಟೆಗಳು, ಮೇಲ್ಮುಖವಾಗಿ, ಒಂದಕ್ಕೊಂದು ಅಂಟಿಕೊಂಡು ತೇಲುತ್ತಿದ್ದವು. ಇನ್ನೂ ಜೀವವಿದ್ದ ಕೆಲವು ಬಾಯಿ ನೀರಿನಿಂದಾಚೆ ಚಾಚಿ, ಕುಡಿದವರ ಹಾಗೆ ಸುತ್ತಿದಲ್ಲೇ ಸುತ್ತುತ್ತಿದ್ದವು.

ಅವಳು ಬೊಗಸೆಯಲ್ಲಿ ಒಂದಿಷ್ಟು ಎತ್ತಿಕೊಂಡಳು. ಮೈಯೆಲ್ಲ ಲೋಳೆ. ಕಿವಿರು ಸುಟ್ಟು ಬಿಳಿಚಿತ್ತು. ನೀರಿನಿಂದ ಎದ್ದ ವಾಸನೆ ಅವಳಿಗೆ ಗುರುತಿಲ್ಲದ್ದಲ್ಲ. ಹುಳುಮನೆಯಲ್ಲಿ ತೊಳೆಯುವ ಕೆಲಸ ಮಾಡಿ ಬಂದ ದಿನ ಅನ್ನ ಕಲಸಿದರೆ ಅನ್ನಕ್ಕೂ ಹತ್ತುತ್ತಿದ್ದ ಬ್ಲೀಚಿಂಗ್ ಪೌಡರಿನ ಘಾಟು ಅದು.

ಸೊಸೆ ಕುಸುಮಳನ್ನು ಕೂಗಿದಳು. ಕುಸುಮ ಓಡಿಬಂದು ನೋಡಿದಳು, ಬಗ್ಗಿ ನೀರು ಮೂಸಿದಳು, ಆಮೇಲೆ ತನ್ನ ಅಂಗೈಯನ್ನೂ ಮೂಸಿ ನೋಡಿಕೊಂಡಳು. ಮಾತಿಗೆ ಮುಂಚೆ ಮಾತು ಹುಟ್ಟುವ ಹೆಂಗಸು, ಅವತ್ತು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು.

ಯಾಕೆಂದರೆ ಹಿಂದಿನ ದಿನ ಮಧ್ಯಾಹ್ನ ಹೊಂಡದ ಮೇಲಣ ಕಾಲುವೆಯಲ್ಲಿ ಕೂತು ಹುಳುಮನೆಯ ಬಿದಿರ ಚಂದ್ರಿಕೆ ತೊಳೆದವರು ಇವರೇ.

ಧನಗೆರೆಯಿಂದಾಚೆಗಿನ ಆ ಊರಿನಲ್ಲಿ ರೇಷ್ಮೆ ಹುಳು ಮೇಯಿಸುವವರಲ್ಲಿ ಪ್ರಭುಸ್ವಾಮಿಯೇ ದೊಡ್ಡವನು. ತೋಟದ ನಡುವೆ ಉದ್ದಕ್ಕೆ ಕಟ್ಟಿಸಿದ ಹುಳುಮನೆ, ಸುತ್ತ ಹಿಪ್ಪುನೇರಳೆ, ಕಿಟಕಿಗಳಿಗೆಲ್ಲ ಹಸಿರು ಬಲೆ. ಕೆಳಗಲ ಬೀದಿಯ ಹೆಂಗಸರು ಅಲ್ಲಿ ಸೊಪ್ಪು ಕುಯ್ಯಲು, ಕಸ ತೆಗೆಯಲು ಕೂಲಿಗೆ ಹೋಗುವುದು ಅವರ ಅತ್ತೆಯರ ಕಾಲದಿಂದ ನಡೆದುಬಂದದ್ದು. ಒಳಗೆ ಕಾಲಿಡುವ ಮುಂಚೆ ಸುಣ್ಣದ ತಟ್ಟೆಯಲ್ಲಿ ಪಾದ ಅದ್ದಬೇಕು. ಸೋಪು ಹಚ್ಚಿ ಕೈ ತೊಳೆಯಬೇಕು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವಳು ಬಾಗಿಲಲ್ಲೇ ನಿಲ್ಲಬೇಕು. ತಲೆಗೆ ಮಲ್ಲಿಗೆ ಮುಡಿಯುವಂತಿಲ್ಲ, ಮುಟ್ಟಾದವಳು ತೋಟದ ಬೇಲಿ ದಾಟುವಂತಿಲ್ಲ, ಚಾಕಿ ಹುಳುಗಳೆಂಬ ಎಳೆಮರಿಗಳ ಮುಂದೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಪ್ರಭುಸ್ವಾಮಿಯ ಹೆಂಡತಿ ಮಾಲಿನಿ ಇವೆಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿಕೊಳ್ಳುತ್ತಿದ್ದಳು. ಕೆಲಸದವರಲ್ಲಿ ಹಿರಿಯಳಾದ ಚಾಮುಂಡಮ್ಮ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು, ಇಷ್ಟು ಭಯಭಕ್ತಿ ತಾಳಿ ಕಟ್ಟಿದವನ ಮುಂದೂ ತನಗೆ ಇರಲಿಲ್ಲವೆಂದು ಪಿಸುಗುಟ್ಟಿ ಉಳಿದವರನ್ನು ನಗಿಸುತ್ತಿದ್ದಳು.

ಹುಳು ಹಣ್ಣಾಗಿ ಚಂದ್ರಿಕೆಯೆಂಬ ಬಿದಿರ ಚಾಪೆ ಏರಿ ಗೂಡು ಕಟ್ಟಿದ ಮೇಲೆ, ಗೂಡು ಬಿಡಿಸಿ ಕೊಳ್ಳೇಗಾಲದ ಮಾರುಕಟ್ಟೆಗೆ ಸಾಗಿಸಿದ ಮೇಲೆ, ಇಡೀ ಮನೆಯನ್ನೂ ಸಾಮಾನನ್ನೂ ಬ್ಲೀಚಿಂಗು ಮತ್ತು ಸುಣ್ಣ ಕಲಸಿದ ನೀರಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಹಳೇ ಹುಳುವಿನ ರೋಗ ಹೊಸ ಹುಳುವಿಗೆ ಹತ್ತುತ್ತದೆ. ಹಿಂದೊಮ್ಮೆ ಹಾಲುತೊಂಡೆ ರೋಗ ಬಂದು ಮಾಲಿನಿಯ ಒಂದು ಬೆಳೆ ಪೂರಾ ತಿಪ್ಪೆ ಸೇರಿತ್ತು. ಅಂದಿನಿಂದ ಅವಳು ಪೌಡರನ್ನು ಧಾರಾಳವಾಗಿಯೇ ಸುರಿಸುತ್ತಿದ್ದಳು. ತೊಳೆಯಲು ಹುಳುಮನೆಯ ಮುಂದೆಯೇ ಸಿಮೆಂಟಿನ ತೊಟ್ಟಿಯಿತ್ತು. ಆದರೆ ತೊಟ್ಟಿಯ ನೀರು ಹಿಪ್ಪುನೇರಳೆ ಸಾಲಿಗೆ ಹರಿಯುತ್ತದೆ, ಆ ನೀರು ಕುಡಿದ ಗಿಡದ ಸೊಪ್ಪು ಸುಡುತ್ತದೆ, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಆದ್ದರಿಂದ ತೊಳೆಯುವುದು ಯಾವಾಗಲೂ ಹಿಂದಿನ ಕಾಲುವೆಯಲ್ಲಿ.

ಕಾಲುವೆಯ ತುದಿಗಿದ್ದ ಹೊಂಡದಲ್ಲಿ ಮೊದಲು ಜೊಂಡು ಬೆಳೆದಿತ್ತು. ರಾಚಮ್ಮ ಕೊಳ್ಳೇಗಾಲದ ಕಚೇರಿಗಳ ಮೆಟ್ಟಿಲು ಸವೆಸಿ, ಪಂಚಾಯಿತಿಯವರ ಬೆನ್ನು ಬಿದ್ದು, ಕೆಳಗಲ ಬೀದಿಯ ಹೆಂಗಸರ ಸಂಘಕ್ಕೆ ಅದನ್ನು ಕೊಡಿಸಿಕೊಂಡಿದ್ದಳು. ಅಕ್ಕಿಕಾಳಿನಷ್ಟಿದ್ದ ಕಾಟ್ಲಾ, ರೋಹು ಮರಿ ತಂದು ಹೊಂಡದಲ್ಲಿ ಬೆರಳುದ್ದ ಸಾಕುವುದು, ಆಮೇಲೆ ದೊಡ್ಡಕೆರೆಗೆ ಬಿಡುವುದು, ಬೇಸಿಗೆಗೆ ಹಿಡಿದು ಮಾರುವುದು. ಊರಿನ ನೆಲದಲ್ಲಿ ಒಂದು ಮೂಲೆಯನ್ನು ನಮ್ಮದು ಎಂದು ತೋರಿಸುವಂತಾದದ್ದು ಆ ಬೀದಿಗೆ ಅದೇ ಮೊದಲು. ಹೊಂಡ ಸಿಕ್ಕ ದಿನ ಜೊಂಡು ಕೀಳಲು ಬೀದಿಗೆ ಬೀದಿಯೇ ಇಳಿದಿತ್ತು.

ಮರಿ ತಂದುಕೊಟ್ಟವನು ಯಳಂದೂರು ಕಡೆಯ ಮೀನುಫಾರಂ ಒಂದರಲ್ಲಿ ಕೆಲಸ ಮಾಡುವ ಪರಮೇಶ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಅವನು ಬಿಚ್ಚದೆ ಹಾಗೇ ಹೊಂಡದಲ್ಲಿ ತೇಲಿಬಿಟ್ಟಿದ್ದ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲದೊಳಕ್ಕೆ ಸೇರಿಸಿದ್ದ. ಯಾಕಪ್ಪ ಇಷ್ಟು ನಿಧಾನ ಎಂದದ್ದಕ್ಕೆ, ಎರಡು ನೀರಿಗೂ ಪರಿಚಯ ಆಗಬೇಕು, ದಿಢೀರನೆ ನೀರು ಬದಲಾದರೆ ಎಳೆಮರಿ ತಡೆಯುವುದಿಲ್ಲ ಎಂದಿದ್ದ. ಹೆಣ್ಣು ನೋಡುವ ಶಾಸ್ತ್ರ ಬೇಗ ಮುಗಿಸು, ಬಿಸಿಲು ಏರುತ್ತದೆ ಎಂದು ಚಾಮುಂಡಮ್ಮ ಅವನನ್ನು ರೇಗಿಸಿದ್ದಳು. ಅದಕ್ಕೂ ಮುಂಚೆ, ಹೊಂಡ ಇನ್ನೂ ಒಣಗಿದ್ದಾಗಲೇ, ತಳಕ್ಕೆಲ್ಲ ಸುಣ್ಣ ಎರಚಿಸಿ, ಮಣ್ಣಿನ ಹುಳಿ ಹೋಗುತ್ತದೆ, ಸುಣ್ಣ ಮೀನಿಗೆ ಒಳ್ಳೆಯದು ಎಂದವನೂ ಅವನೇ.

ಸುಣ್ಣ ಮೀನಿಗೆ ಒಳ್ಳೆಯದು. ಚಂದ್ರಿಕೆ ತೊಳೆಯಲು ಕೂತಾಗ ರಾಚಮ್ಮನ ತಲೆಯಲ್ಲಿದ್ದದ್ದು ಈ ಮಾತು. ಆದರೂ ಅಳುಕಾಗಿ ಅವಳು ಮಾಲಿನಿಯನ್ನು ಕೇಳಿದ್ದಳು, ಈ ನೀರು ಕೆಳಗೆ ಹೊಂಡಕ್ಕೆ ಹೋಗುತ್ತದಲ್ಲ ಅವ್ವ, ಏನೂ ಆಗುವುದಿಲ್ಲವಾ ಎಂದು. ಮಾಲಿನಿ ಪೌಡರಿನ ಚೀಲ ಕೊಡವುತ್ತ, "ಸುಣ್ಣ ತಾನೆ. ನಿಮ್ಮ ಮೀನ್ಗೂ ಒಳ್ಳೇದೇ ಕಣೇ, ತೊಳಿ" ಎಂದಿದ್ದಳು. ರಾಚಮ್ಮ ಸಮಾಧಾನದಿಂದ ಬ್ರಷ್ ಎತ್ತಿಕೊಂಡಿದ್ದಳು. ಉಜ್ಜಿದ್ದಳು. ತನ್ನ ಮರಿಗಳಿಗೂ ಒಳ್ಳೆಯದಾಗಲೆಂದು ಬಕೆಟ್ಟಿನ ತಳದಲ್ಲಿ ಉಳಿದ ಗಸಿಯನ್ನೂ ಕಾಲುವೆಗೇ ಸುರಿದಿದ್ದಳು.

ಸುದ್ದಿ ಹೋದಾಗ ಪರಮೇಶ ಹನೂರಿನ ಕಡೆ ಮರಿ ಇಳಿಸುತ್ತಿದ್ದ. ಅವನು ಬರುವಷ್ಟರಲ್ಲಿ ನೆತ್ತಿ ಸುಡುವ ಬಿಸಿಲು ಬಂದು ಹೋಗಿತ್ತು, ಕಾಲುವೆಯಲ್ಲಿ ಬಂದ ಕೆರೆಯ ಹೊಸ ನೀರು ಹೊಂಡ ಸೇರಿತ್ತು, ಹೆಂಗಸರು ಸತ್ತ ಮರಿಗಳನ್ನು ಸೀರೆಯ ತುಂಡಿನಲ್ಲಿ ಜಾಲಾಡಿ ತೆಂಗಿನ ಬುಡಕ್ಕೆ ಹೂತಿದ್ದರು. ಅವನು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷೆಯ ಔಷಧಿಯ ಹನಿ ಹಾಕಿದ. ಬಣ್ಣವನ್ನು ಕಾರ್ಡಿನ ಪಕ್ಕ ಹಿಡಿದು ನೋಡಿದ. ಇನ್ನೊಂದು ಸಲ ಹಿಡಿದ. ನೀರು ಸರಿಯಾಗಿದೆ ಎಂದ.

ಏನಾಗಿದ್ದಿರಬೇಕೆಂದು ಅವನಿಗೆ ಅನುಮಾನವೇ ಇರಲಿಲ್ಲ. ಏರಿಯ ಮೇಲೆ ಕೂತು ಬಿಡಿಸಿ ಹೇಳಿದ.

"ನೋಡಕ್ಕ, ಮೀನೂ ಉಚ್ಚೆ ಉಯ್ತದ, ಉಳಿದ ತವುಡೂ ಕೊಳೀತದ. ನೀರು ಸಮ್ವಾಗಿದ್ರೆ ಅದು ಸುಮ್ಕೆ ಇರ್ತದ. ನೀರು ಸವುಳಾಯ್ತು ಅಂದ್ರೆ ಅದೇ ವಿಸ ಆಗ್ಬುಡ್ತದ. ಬಿಸ್ಲೊತ್ನಲ್ಲಿ ಪಾಚಿ ನೀರು ಮದ್ಲೇ ಸವುಳು, ಅದ್ರ ಮ್ಯಾಲೆ ನೀವು ಸುಣ್ಣ ಬುಟ್ರಿ. ಬ್ಲೀಚಿಂಗು ಬ್ಯಾರೆ. ಅದು ಕಿವಿರನ್ನೇ ಸುಡ್ತದ, ಉಸ್ರು ತಕೊಳಕಾಗಲ್ಲ."

ಸುಣ್ಣ ಒಳ್ಳೆಯದು ಅಂದವನು ನೀನೇ ಅಲ್ಲವಾ ಎಂದು ಕುಸುಮ ಮೇಲೆ ಬಿದ್ದಳು. ಅವನು ತಲೆ ಕೆರೆದುಕೊಂಡು, ಮರಿ ಬಿಡುವ ಮುಂಚೆ, ಒಣಗಿದ ಹೊಂಡಕ್ಕೆ, ಅಳತೆ ನೋಡಿ ಎಂದಿದ್ದೆ ಅಕ್ಕ ಎಂದ. ಅಳತೆಯ ಮಾತು ಇವರ ಕಿವಿಯಲ್ಲಿ ಉಳಿದಿರಲಿಲ್ಲ. ಒಳ್ಳೆಯದು ಎಂಬುದಷ್ಟೇ ಉಳಿದಿತ್ತು.

ಈ ಮಾತನ್ನೇ ಊರ ಮುಂದೆ ಹೇಳು ಎಂದು ರಾಚಮ್ಮ ಅವನ ಕೈ ಹಿಡಿದುಕೊಂಡಳು. ಬ್ಲೀಚಿಂಗು ಬಿಸಿಲಿಗೆ ಹಾರಿಹೋಗುತ್ತದೆ, ಸುಣ್ಣ ತಳ ಸೇರುತ್ತದೆ, ನನ್ನ ಕೊಳವೆ ಇವತ್ತಿನ ನೀರನ್ನು ಮಾತ್ರ ಹೇಳುತ್ತದೆ ಎಂದು ಅವನು ಗೋಳಾಡಿದ. "ನೀರು ಸಾಕ್ಷಿ ಏಳಲ್ಲ ಕಣಕ್ಕ" ಎಂದ.

ಆದರೂ ಬಂದ. ದೇವಸ್ಥಾನದ ಮುಂದಿನ ಅರಳಿಕಟ್ಟೆಯ ಮೇಲೆ ಮೇಲಿನ ಬೀದಿಯವರು, ಕೆಳಗೆ ನೆಲದಲ್ಲಿ ಸಂಘದ ಹೆಂಗಸರು. ಊರ ಯಜಮಾನ ಪುಟ್ಟಮಾದಪ್ಪ ನಡುವೆ ಕೂತಿದ್ದ. ಪರಮೇಶ ತನಗೆ ತಿಳಿದದ್ದನ್ನು ಹೇಳಿದ. ಪ್ರಭುಸ್ವಾಮಿ ಕೇಳಿದ್ದು ಒಂದೇ ಪ್ರಶ್ನೆ, ಈಗ ನೀರಿನಲ್ಲಿ ವಿಷ ಇದೆಯೋ ಇಲ್ಲವೋ ಎಂದು. ಇಲ್ಲ ಎಂದ ಪರಮೇಶ. ಮತ್ತೆ ಅವನನ್ನು ಯಾರೂ ಏನೂ ಕೇಳಲಿಲ್ಲ.

ಪುಟ್ಟಮಾದಪ್ಪನ ವಿಚಾರಣೆ ರಾಚಮ್ಮನ ಕಡೆಗೆ ತಿರುಗಿತು. ಸುಣ್ಣ ಕಲಸಿದವರು ಯಾರು? ನಾವೇ. ಬ್ರಷ್ ಯಾರ ಕೈಲಿತ್ತು? ನಮ್ಮ ಕೈಲಿ. ಗಸಿ ಸುರಿದವಳು? ನಾನೇ ಬುದ್ದಿ. ಅಲ್ಲಿಗೆ ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇನ್ನೇನು ಉಳಿಯಿತು ಎಂಬಂತೆ ಕೈ ಕೊಡವಿಕೊಂಡರು. ತೊಳೆಯಲು ಹೇಳಿದವರು ಯಾರೆಂದು ಕೇಳಬೇಕೆಂದು ಆ ಕಟ್ಟೆಯ ಮೇಲಿನ ಒಬ್ಬನಿಗೂ ತೋಚಲಿಲ್ಲ. ರಾಚಮ್ಮ ಕೇಳದೆಯೇ ಹೇಳಿದಳು. ಮಾಲಿನವ್ವಾರು ಹೀಗೆ ಹೀಗೆ ಅಂದರು ಎಂದಳು. ಮನೆಯಲ್ಲಿ ಕೂತ ಹೆಣ್ಣುಮಗಳ ಹೆಸರನ್ನು ಬೀದಿಗೆ ತರುತ್ತೀಯಾ ಎಂದು ಯಾರೋ ಗದರಿದರು. ಮನೆಯಲ್ಲಿ ಕೂರಲಾಗದ ಹೆಣ್ಣುಮಕ್ಕಳು ಸಾಲಾಗಿ ಬೀದಿಯಲ್ಲೇ ಕೂತಿದ್ದರು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ತೀರ್ಮಾನ ಸುಲಭವಾಯಿತು. ತಪ್ಪು ಇವರದು. ತಿಳಿಯದೆ ಮಾಡಿದ್ದಾರೆ, ದಂಡ ಬೇಡ. ಈ ಮಳೆಗಾಲಕ್ಕೆ ಇನ್ನೊಂದು ಸಲ ಮರಿ ಬಿಟ್ಟುಕೊಳ್ಳಲಿ, ಅದೂ ಸತ್ತರೆ ಹೊಂಡ ಪಂಚಾಯಿತಿಗೆ ವಾಪಸ್ಸು. ವಾಪಸ್ಸಾದ ಮೇಲೆ ಯಾರ ತೋಟದ ಬೇಲಿ ಮುಂದಕ್ಕೆ ಸರಿಯುತ್ತದೆ ಎಂಬುದು ಕಟ್ಟೆಯ ಮೇಲಿದ್ದವರಿಗೂ ಗೊತ್ತಿತ್ತು, ಕೆಳಗಿದ್ದವರಿಗೂ ಗೊತ್ತಿತ್ತು. ಪ್ರಭುಸ್ವಾಮಿ ಎದ್ದು ಹೋಗುವಾಗ, ಹೋಗಲಿ ಬಿಡಿ, ಹೇಗೂ ಜೀವಹಿಂಸೆಯ ಕಸುಬು ಎಂದ. ಅವನದು ಮೀನು ಮಾಂಸ ಮುಟ್ಟದ ಮನೆ.

"ಉಳ ಬೇಯ್ಸಿ ನೂಲು ತಗುದ್ರೆ ಯಾವ ಇಂಸೆನೂ ಇಲ್ವಂತಾ?" ಎಂದಳು ಕುಸುಮ. ಅಷ್ಟರಲ್ಲಿ ಅವನ ಬೈಕು ಹೊರಟಿತ್ತು. ಕೇಳಿಸಿತೋ ಇಲ್ಲವೋ.

ಮರಿ ಸಿಗುವ ಕಾಲ ಮುಗಿಯುತ್ತ ಬಂದಿತ್ತು. ಇವು ಈ ಮಳೆಗಾಲದ ಕೊನೆಯವು, ಮತ್ತೆ ಕೇಳಬೇಡಿ ಎಂದು ಪರಮೇಶ ಉಳಿದಿದ್ದ ಚೀಲಗಳನ್ನು ತಂದು ಇಳಿಸಿದ. ಈ ಸಲ ಚಾಮುಂಡಮ್ಮನೂ ತಮಾಷೆ ಮಾಡಲಿಲ್ಲ. ಹೆಂಗಸರು ಏರಿಯ ಮೇಲೆ ಸಾಲಾಗಿ ಕೂತು ಚೀಲಗಳು ತೇಲುವುದನ್ನು ನೋಡಿದರು. ತವುಡು ಎಷ್ಟು ಹಾಕಬೇಕು, ನೀರು ತೀರಾ ಹಸಿರಾದರೆ ಏನು ಮಾಡಬೇಕು, ಬೆಳಗಿನ ಜಾವ ಮರಿಗಳು ಬಾಯಿ ಮೇಲೆತ್ತಿದರೆ ಏನರ್ಥ, ಎಲ್ಲವನ್ನೂ ರಾಚಮ್ಮ ಅವನಿಂದ ಎರಡೆರಡು ಸಲ ಹೇಳಿಸಿಕೊಂಡಳು. ಎಷ್ಟು ಎಂಬುದನ್ನು ಈಗ ಯಾರೂ ಮರೆಯುವಂತಿರಲಿಲ್ಲ.

ಕೂಲಿ ಬಿಡುವಂತಿರಲಿಲ್ಲ. ಬೆಳಿಗ್ಗೆ ಹೊಂಡಕ್ಕೆ ತವುಡು ಎರಚಿ, ಅದೇ ಕೈಯನ್ನು ಸೋಪು ಹಚ್ಚಿ ತೊಳೆದು ಹುಳುಮನೆಗೆ ಹೋಗುತ್ತಿದ್ದರು. ಮೀನಿನ ನಾತ ಹುಳುವಿಗೆ ಆಗುವುದಿಲ್ಲವೆಂದು ಮಾಲಿನಿ ಒಬ್ಬೊಬ್ಬರ ಕೈಯನ್ನೂ ಮೂಗಿನ ಹತ್ತಿರಕ್ಕೆ ತರಿಸಿಕೊಂಡು ಪರೀಕ್ಷೆ ಮಾಡತೊಡಗಿದಳು. ಅತ್ತ ಹುಳುಗಳು ಜ್ವರವೆಂಬ ಪೊರೆ ಬಿಡುವ ಹಂತ ಕಳೆದುಕೊಂಡು ಬಲಿಯುತ್ತಿದ್ದವು, ಇತ್ತ ಮರಿಗಳು ಬೆನ್ನಿನ ಮೇಲೆ ಬಣ್ಣ ಹಿಡಿಯುತ್ತಿದ್ದವು. ಹುಳು ಹಣ್ಣಾಗುವ ಮುಂಚೆ ಮರಿಗಳನ್ನು ದೊಡ್ಡಕೆರೆಗೆ ದಾಟಿಸಿಬಿಡಬೇಕೆಂದು ರಾಚಮ್ಮನಿಗೆ ಆಸೆ. ಇನ್ನೊಂದು ವಾರ ತಡೆಯಿರಿ, ಈಗಲೇ ಬಿಟ್ಟರೆ ಕೆರೆಯ ದೊಡ್ಡ ಮೀನು ನುಂಗಿಹಾಕುತ್ತವೆ ಎಂದ ಪರಮೇಶ. ಆ ವಾರದಲ್ಲೇ ಪ್ರಭುಸ್ವಾಮಿಯ ಗೂಡು ಕೊಳ್ಳೇಗಾಲಕ್ಕೆ ಹೋಯಿತು.

ಚಂದ್ರಿಕೆ ತೊಳೆಯುವ ದಿನ ಬೆಳಿಗ್ಗೆಯೇ ರಾಚಮ್ಮ, ಕುಸುಮ ಇಬ್ಬರೂ ಹೊಂಡದ ಬಾಯಿಗೆ ಮರಳುಚೀಲ ಒಟ್ಟಿ ಜೇಡಿಮಣ್ಣು ಮೆತ್ತಿ ಕಟ್ಟಿದ್ದರು. ಹುಳುಮನೆಯ ಹಿಂದೆ ಹೋದಾಗ ಚಂದ್ರಿಕೆಗಳು ಆಳೆತ್ತರ ಪೇರಿಸಿದ್ದವು. ಬಿದಿರಿನ ಸುರುಳಿಗಳಿಗೆ ರೇಷ್ಮೆಯ ಜುಂಗು ಅಂಟಿಕೊಂಡು ಗಾಳಿಗೆ ಅಲುಗುತ್ತಿತ್ತು. ಮಾಲಿನಿ ಸುಣ್ಣ ಕಲಸಿಸಿ ಸಿದ್ಧವಾಗಿಟ್ಟಿದ್ದಳು. ಮಾರನೆಯ ಬೆಳಿಗ್ಗೆ ಹೊಸ ಚಾಕಿ ಹುಳು ಬರುತ್ತಿತ್ತು, ಅಷ್ಟರೊಳಗೆ ಮನೆ ತೊಳೆದು ಒಣಗಬೇಕು. ಅವಳ ಮುಖದಲ್ಲಿ ನಿದ್ದೆಯಿರಲಿಲ್ಲ.

ತೊಟ್ಟಿಯಲ್ಲಿ ತೊಳೆದುಕೊಡುತ್ತೇವೆ ಎಂದಳು ರಾಚಮ್ಮ. ಮಾಲಿನಿ ಆಗುವುದಿಲ್ಲ ಎಂದಳು. ಹಾಗಾದರೆ ಕಾಲುವೆಯಲ್ಲೇ ತೊಳೆಯುತ್ತೇವೆ, ಹೊಂಡದ ಬಾಯಿ ಕಟ್ಟಿದ್ದೇವೆ ಎಂದಾಗ ಮಾಲಿನಿ ಕಾಲುವೆಯ ದಂಡೆಗೆ ಹೋಗಿ ನೋಡಿದಳು. ಅಡ್ಡ ಕಟ್ಟಿದ ನೀರು ಆಗಲೇ ಹಿಂದಕ್ಕೆ ಏರಿ ಹಿಪ್ಪುನೇರಳೆಯ ಕೊನೆಯ ಸಾಲಿನ ಬುಡ ನೆಕ್ಕುತ್ತಿತ್ತು. ಅವಳು ಗಾಬರಿಯಿಂದ ಗಂಡನಿಗೆ ಫೋನು ಮಾಡಿದಳು.

ಪ್ರಭುಸ್ವಾಮಿ ಬಂದಾಗ ಮಾರುಕಟ್ಟೆಯ ಒಳ್ಳೆಯ ಧಾರಣೆಯ ಖುಷಿ ಇನ್ನೂ ಮುಖದಲ್ಲಿತ್ತು. ಬೈಕಿನ ಮೇಲೆ ಕೂತೇ, "ಏನ್ ರಾಚಿ, ಬ್ರಷ್ ಎತ್ತಕೂ ಮೂರ್ತ ನೋಡ್ಸಬೇಕಾ?" ಎಂದ.

"ಬಾಯಿ ಕಟ್ಟಿವಿ ಬುದ್ದಿ. ಮರಿ ಅವೆ ಒಳಗೆ."

"ಕಟ್ಟಿದ್ದ ಬುಡ್ಸು. ನೀರು ತ್ವಾಟಕ್ಕೆ ನುಗ್ತಾ ಅದ, ಕಾಣಲ್ವಾ."

"ಆ ಗೋಮಾಳ್ದ ಮಗ್ಗುಲಲ್ಲಿ ಗುಂಡಿ ತೋಡ್ತೀವಿ. ನಾವೇ ತೋಡ್ತೀವಿ, ಕೂಲಿ ಕೊಡಬ್ಯಾಡಿ. ತೊಟ್ಟೀಲಿ ತೊಳ್ದು, ಆ ನೀರ ಒತ್ಕಂಡೋಗಿ ಅದ್ಕೆ ಉಯ್ತೀವಿ."

"ಗುಂಡಿಗಾ? ಅಲ್ಲಿಂದ ಇಂಗಿ ನನ್ನ ಬೋರ್ಗೆ ಇಳೀಲಿ ಅಂತಲಾ? ನಾವು ಕುಡಿಯೋ ನೀರು ಕಣೇ ಅದು."

ಕುಸುಮ ಕಾಲುವೆಯ ಆ ದಂಡೆಯಿಂದ, ಯಾರೊಂದಿಗೋ ಲೆಕ್ಕ ಸರಿಹೊಂದಿಸುವವಳಂತೆ ಮೆಲ್ಲಗೆ ಹೇಳಿದಳು.

"ಅಂದ್ರೆ ನಿಮ್ಗೂ ಗೊತ್ತದ. ಸೊಪ್ಪಿಗೆ ಆಗಲ್ಲ ಅಂತ ಗೊತ್ತದ, ಬೋರ್ಗೆ ಆಗಲ್ಲ ಅಂತ ಗೊತ್ತದ. ಅವತ್ತು ಕಟ್ಟೆ ಮ್ಯಾಲೆ ಮಾತ್ರ ಗೊತ್ತಿರ್ನಿಲ್ಲ."

ಪ್ರಭುಸ್ವಾಮಿ ಅವಳ ಕಡೆ ತಿರುಗಲೂ ಇಲ್ಲ. ನಿನ್ನ ಸೊಸೆಗೆ ನಾಲಿಗೆ ಉದ್ದವಾಗಿದೆ ಎಂದು ರಾಚಮ್ಮನಿಗೇ ಹೇಳಿದ. ಮಾಲಿನಿ ಮಾತ್ರ ಕುಸುಮಳನ್ನು ಒಂದು ಗಳಿಗೆ ನೋಡಿ, ಚೀಲದ ಬಾಯಿ ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಕೆರೆಯ ಕಡೆಯಿಂದ ಬರುತ್ತಿದ್ದ ಪುಟ್ಟಮಾದಪ್ಪ ಗದ್ದಲ ಕಂಡು ನಿಂತ. ಎರಡೂ ಕಡೆಯ ಮಾತು ಕೇಳಿಸಿಕೊಂಡ. ಅವನದು ಯಾವಾಗಲೂ ನಡುದಾರಿ. ಮೀನುಮರಿಗಳನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಲಿ, ಇವತ್ತೊಂದು ದಿನ ತೊಳೆದುಕೊಡಲಿ, ನೀರು ತಿಳಿಯಾದ ಮೇಲೆ ವಾಪಸ್ಸು ಬಿಟ್ಟುಕೊಳ್ಳಲಿ ಎಂದ. ಹೊಂಡದ ತುಂಬ ಇರುವ ಮರಿಯನ್ನು ಯಾವ ಬಕೆಟ್ಟಿಗೆ ಹಿಡಿಯುವುದು, ಹಿಡಿದರೂ ಬಿಸಿಲಲ್ಲಿ ಉಸಿರುಗಟ್ಟಿ ಸಾಯುತ್ತವಲ್ಲ ಎಂದಳು ರಾಚಮ್ಮ. ಸತ್ತರೆ ನಾಲ್ಕು ಸಾಯುತ್ತವೆ, ನಾಲ್ಕು ಉಳಿಯುತ್ತವೆ ಎಂದ ಅವನು. ಅವು ಸತ್ತರೆ ಹೊಂಡ ವಾಪಸ್ಸು ಎಂದವನೂ ತಾನೇ ಎಂಬುದು ಅವನಿಗೆ ಮರೆತಂತಿತ್ತು.

"ಮೀನ್ಗೋಸ್ಕರ ಅನ್ನ ಕೊಡೋ ಮನೆ ಕೆಡಿಸ್ಕಬ್ಯಾಡ ಕಣವ್ವ" ಎಂದ.

ಪ್ರಭುಸ್ವಾಮಿ ಬೈಕಿನಿಂದ ಇಳಿದ. ಈಗ ಅವನ ದನಿ ಏರಿರಲಿಲ್ಲ, ಇಳಿದಿತ್ತು. ಇವತ್ತು ಚಂದ್ರಿಕೆ ತೊಳೆಯದಿದ್ದರೆ ನಾಳೆಯಿಂದ ಕೆಳಗಲ ಬೀದಿಯ ಒಂದು ನರಪಿಳ್ಳೆಯೂ ಸೊಪ್ಪು ಕುಯ್ಯಲು ಬರುವುದು ಬೇಡ, ಧನಗೆರೆಯಿಂದ ಆಟೋದಲ್ಲಿ ಆಳು ಕರೆಸುತ್ತೇನೆ ಎಂದ. ಗಂಡಸರಿಗೂ ಅದೇ ಮಾತು, ಉಳುವುದಕ್ಕೂ ಬೇಡ, ಗೊಬ್ಬರ ಹೊರುವುದಕ್ಕೂ ಬೇಡ.

ಹೆಂಗಸರು ರಾಚಮ್ಮನ ಮುಖ ನೋಡಿದರು. ಕೆಲವರು ನೆಲ ನೋಡಿದರು. ಚಾಮುಂಡಮ್ಮ ನಿಧಾನವಾಗಿ ಹೋಗಿ ರಾಶಿಯಿಂದ ಒಂದು ಚಂದ್ರಿಕೆ ಎಳೆದು, ಕಾಲುವೆಯ ಚಪ್ಪಡಿಯ ಮೇಲೆ ಒರಗಿಸಿ, ಬ್ರಷ್ ಹಿಡಿದು ಕೂತಳು. ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಅವಳಿಗಿರಲಿಲ್ಲ. "ಏನ್ ಮಾಡ್ಲಿ ರಾಚವ್ವ" ಎಂದಳು, ತಲೆಯೆತ್ತದೆ. ಕುಸುಮ ಏನೋ ಅನ್ನಲು ಹೋದಳು, ಅತ್ತೆಯ ಕಣ್ಣು ಕಂಡು ನುಂಗಿಕೊಂಡಳು.

"ನೋಡು, ದೊಡ್ಡವಳಿಗೆ ಬುದ್ಧಿ ಬಂತು" ಎಂದ ಪ್ರಭುಸ್ವಾಮಿ. "ಓಗು. ಬಾಯಿ ಬುಡ್ಸು."

ರಾಚಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕಾಲುವೆಗೆ ಇಳಿದಳು. ನೀರಿನಲ್ಲೇ ಹೊಂಡದ ಬಾಯಿಯವರೆಗೂ ನಡೆದು ಹೋದಳು. ಪ್ರಭುಸ್ವಾಮಿ ಬೈಕಿನ ಕೀಲಿ ಜೇಬಿಗೆ ಹಾಕಿಕೊಂಡ, ಪುಟ್ಟಮಾದಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೊರಡಲು ಅಣಿಯಾದ. ಅವಳು ಬಗ್ಗಿದಳು. ಕಾಲುವೆಯ ತಳದಿಂದ ಎರಡೂ ಕೈ ತುಂಬ ಜೇಡಿ ಬಾಚಿ, ನೀರು ಜಿನುಗುತ್ತಿದ್ದ ಒಂದು ಬಿರುಕಿಗೆ ಒತ್ತಿದಳು. ಇನ್ನೊಂದು ಮುದ್ದೆ ಬಾಚಿ ಅದರ ಮೇಲೆ ಒತ್ತಿದಳು. ಅಂಗೈಯಿಂದ ಸವರಿ ನಯ ಮಾಡಿದಳು. ಆಮೇಲೆ ಅದಕ್ಕೆ ಬೆನ್ನು ಕೊಟ್ಟು ನೀರಿನಲ್ಲಿ ನಿಂತಳು.

"ಬುಡ್ಸಲ್ಲ" ಎಂದಳು. "ತೊಳಿಯೋದೂ ಇಲ್ಲ."

ಲೇ ಎಂದ ಪ್ರಭುಸ್ವಾಮಿ. ಮತ್ತೊಮ್ಮೆ ಅವಳ ಹೆಸರು ಹಿಡಿದು ಕೂಗಿದ. ಪುಟ್ಟಮಾದಪ್ಪನೂ 'ಏ ತಾಯಿ' ಎಂದು ಏನೋ ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ನೀರು ಅವಳ ಮೊಣಕಾಲಿನವರೆಗೆ ಏರಿ, ಹಿಪ್ಪುನೇರಳೆಯ ಸಾಲಿನ ಕಡೆಗೆ ತಿರುಗಿತು. ಅವಳು ಕದಲಲಿಲ್ಲ.

ಚಪ್ಪಡಿಯ ಮೇಲೆ ಚಾಮುಂಡಮ್ಮ ಒಣ ಬ್ರಷ್ಷನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅವಳ ಪಕ್ಕದಲ್ಲಿ, ಯಾರೂ ಕೈ ಅದ್ದದ ಬಕೆಟ್ಟಿನಲ್ಲಿ, ಕಲಸಿಟ್ಟ ಸುಣ್ಣದ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು.